ಪೀರವಾಡಿಯ ಸ್ಟೇಟಸ್ ಕೋ

ಪೀರವಾಡಿಯಲ್ಲಿ ಸತ್ತವರನ್ನು ಎಣಿಸುವುದಿಲ್ಲ. ಎಣಿಸಿದರೆ ಮಣ್ಣು ಇನ್ನೊಬ್ಬರನ್ನು ಕೇಳುತ್ತದೆ ಎಂದು ಅಲ್ಲಿಯ ಹಿರಿಯರು ಹೇಳಿಕೊಂಡು ಬಂದಿದ್ದಾರೆ. ಯಾರು ಎಲ್ಲಿ ಮಲಗಿದ್ದಾರೆ ಎಂಬುದು ಮಲಗಿಸಿದ ಕೈಗೆ ಗೊತ್ತು, ಮೇಲೆ ಕೂತವನಿಗೆ ಗೊತ್ತು. ನಡುವೆ ಲೆಕ್ಕ ಹಿಡಿಯಲು ನಾವ್ಯಾರು ಎಂದು ಅವರು ಕೇಳುತ್ತಾರೆ.

ಊರು ದೊಡ್ಡದೇನಲ್ಲ. ಶಹಾಬಾದಿನಿಂದ ಹೊರಟು ಭಂಕೂರು ದಾಟಿದರೆ ಎಡಗಡೆಗೆ ಒಂದು ಬಿಳಿ ದೂಳಿನ ದಾರಿ ಒಡೆಯುತ್ತದೆ. ಅದರ ತುದಿಗೆ, ಖಣಿಗಳು ಬಿಟ್ಟ ಜಾಗದಲ್ಲಿ, ಈ ಜನ. ಹೆಚ್ಚಿನವರು ಮುಸಲ್ಮಾನರು, ಒಂದು ಸಾಲು ಲಂಬಾಣಿಗರು. ಎಲ್ಲರಿಗೂ ಒಂದೇ ಕೆಲಸ. ಫರಸಿ ಕಲ್ಲು ಎಬ್ಬಿಸುವುದು, ಹೊರುವುದು, ಲಾರಿಗೆ ಏರಿಸುವುದು. ಅಲ್ಲಿ ಮನೆಯ ಗೋಡೆ ಫರಸಿ, ಮಾಡು ಫರಸಿ, ನೀರಿನ ತೊಟ್ಟಿ ಫರಸಿ, ರೊಟ್ಟಿ ಬಡಿಯುವುದೂ ಫರಸಿಯ ಮೇಲೆ. ಗೋರಿಯ ಮೇಲೆ ಮಾತ್ರ ಫರಸಿ ಇಲ್ಲ. ಬದುಕಿದಷ್ಟು ದಿನ ತಲೆಯ ಮೇಲೆ ಕಲ್ಲು ಹೊತ್ತವರ ಎದೆಯ ಮೇಲೆ ಸತ್ತ ಮೇಲಾದರೂ ಕಲ್ಲು ಬೇಡ ಎಂದು ಯಾವ ಕಾಲದಲ್ಲೋ ಯಾರೋ ಅಂದರು. ಅದೇ ನಡೆದು ಬಂತು. ಬರೀ ಮಣ್ಣಿನ ದಿಬ್ಬ, ಅದರ ಮೇಲೆ ಒಂದು ಹಿಡಿ ಸಬ್ಜಾ ಬೀಜ. ಮಳೆಗೆ ಸಬ್ಜಾ ಮೊಳೆಯುತ್ತದೆ. ಬೇಸಿಗೆಗೆ ಒಣಗುತ್ತದೆ. ಕೆಲವು ವರ್ಷಕ್ಕೆ ದಿಬ್ಬ ಕರಗಿ ನೆಲದ ಜೊತೆ ನೆಲವಾಗುತ್ತದೆ. ದೇವರು ಮಣ್ಣಿನಿಂದ ಮಾಡಿದವನನ್ನು ಮಣ್ಣು ತಿರುಗಿ ತೆಗೆದುಕೊಂಡಿತು, ಅಷ್ಟೇ.

ಈ ಊರಿನ ಹೆಂಗಸರು ಸತ್ತರೆ ಕೊನೆಯ ಸ್ನಾನ, ಅಂದರೆ ಗುಸಲ್, ಮಾಡಿಸುವವಳು ಸೈದಾನಬಿ. ಅವಳ ಅವ್ವ ಮಾಡಿಸುತ್ತಿದ್ದಳು, ಅವ್ವನನ್ನು ತೊಳೆದ ದಿನದಿಂದ ಈಕೆ. ಹಗಲು ಖಣಿಯಲ್ಲಿ ಕಲ್ಲು ಹೊರುವುದು, ಕರೆ ಬಂದರೆ ಹೆಣ ತೊಳೆಯುವುದು. ಕಲ್ಲು ಹೊತ್ತು ಹೊತ್ತು ಅವಳ ನೆತ್ತಿಯ ನಡುವೆ ಕೂದಲು ಹುಟ್ಟುವುದನ್ನು ಬಿಟ್ಟಿತ್ತು. ಅಂಗೈ ಚರ್ಮ ಎತ್ತಿನ ಗೊರಸಿನ ಹಾಗೆ. ಅದೇ ಕೈಗಳು ಹೆಣದ ಮೇಲೆ ಓಡುವಾಗ ಎಷ್ಟು ಮೆತ್ತಗಾಗುತ್ತಿದ್ದವು ಎಂಬುದನ್ನು ಕಂಡವರು ಕಡಿಮೆ. ಕಂಡವರೂ ಹೇಳುತ್ತಿರಲಿಲ್ಲ. ಗುಸಲಿನವಳ ಹೆಸರನ್ನು ಸುಮ್ಮಸುಮ್ಮನೆ ಬಾಯಲ್ಲಿ ತರಬಾರದು. ಮದುವೆಯ ಅರಿಸಿನಕ್ಕೆ ಅವಳನ್ನು ಕರೆಯುವುದಿಲ್ಲ. ಬಸುರಿಯರು ಅವಳ ನೆರಳು ಕಂಡರೆ ಸೆರಗು ಹೊಟ್ಟೆಗೆ ಎಳೆದುಕೊಳ್ಳುತ್ತಾರೆ. ಅವಳು ಯಾರದಾದರೂ ಹೊಸ್ತಿಲಿಗೆ ಬಂದು ಕೂತರೆ ಒಳಗಿನ ಮಾತು ನಿಲ್ಲುತ್ತದೆ. ಸೈದಾನಬಿ ಇದನ್ನೆಲ್ಲ ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ. ಹೆಣ ತೊಳೆಯುವುದು ಅಲ್ಲಾಹನ ಕೆಲಸ, ಕೂಲಿ ಅವನೇ ಕೊಡುತ್ತಾನೆ ಎಂದು ಸುಮ್ಮನಿದ್ದಳು.

ಊರಿನ ಖಬರಸ್ತಾನ ಪೂರ್ವಕ್ಕಿದೆ. ಅದಕ್ಕೂ ಪೂರ್ವಕ್ಕೆ ಶಹಾಬುದ್ದೀನ ಸೇಠನ ಖಣಿ. ಸೇಠ ಪೇಟೆಯಲ್ಲಿರುವವನು. ಮಸೀದಿಯ ಮೊದಲ ಸಾಲಿನಲ್ಲಿ ನಿಲ್ಲುವವನು. ರಂಜಾನಿನಲ್ಲಿ ಊರಿಗೆಲ್ಲ ಖರ್ಜೂರ ಕಳಿಸುವವನು. ಅವನ ಖಣಿ ಮೊದಲು ದೂರವಿತ್ತು. ಕಲ್ಲಿನ ಪದರು ಯಾವ ಕಡೆ ಹೋಗುತ್ತದೋ ಖಣಿ ಆ ಕಡೆ ನಡೆಯುತ್ತದೆ. ಪದರು ಖಬರಸ್ತಾನದ ಅಡಿಗೆ ಹೋಗಿತ್ತು. ಒಂದು ಮಳೆಗಾಲ ಪೂರ್ವದ ಬೇಲಿ ಬಿತ್ತು. ಮುಂದಿನ ಮಳೆಗಾಲ ಬೇಲಿ ಇದ್ದ ಜಾಗವೇ ಬಿತ್ತು. ಉಳಿದ ಅಂಚಿನ ಮೇಲೆ ಲಾರಿಗಳು ಓಡಾಡಲು ಶುರು ಮಾಡಿದವು. ಒಂದು ಬೆಳಿಗ್ಗೆ ಕಲ್ಲು ಹೊರಲು ಇಳಿದ ಹೆಂಗಸರು ಖಣಿಯ ಗೋಡೆಯನ್ನು ನೋಡಿ ಬುಟ್ಟಿ ಇಳಿಸಿದರು. ಕರಿಮಣ್ಣಿನ ಪದರಿನಲ್ಲಿ ಬೆಳ್ಳಗೆ ಏನೋ ಹೊರಗೆ ಚಾಚಿತ್ತು. ಸೈದಾನಬಿಯ ಅಣ್ಣ ಬಂದೇಅಲಿ, ಗೋರಿ ತೋಡುವವನು, ಕೆಳಗಿಳಿದು ಅದನ್ನು ಹೆಗಲ ಮೇಲಿನ ಟವಲಿನಲ್ಲಿ ಕಟ್ಟಿಕೊಂಡು ಬಂದ. ಯಾರದೆಂದು ಯಾರೂ ಕೇಳಲಿಲ್ಲ. ಪಶ್ಚಿಮದ ಮೂಲೆಯಲ್ಲಿ ಮತ್ತೆ ಮಣ್ಣು ಮಾಡಿದರು. ಆ ದಿನವೂ ಕಟಿಂಗ್ ಮಷೀನು ನಿಲ್ಲಲಿಲ್ಲ.

ಆಗ ಊರವರು ವಾಡಿ ಪಟ್ಟಣದ ವಕೀಲ ಪ್ರಾಣೇಶನ ಹತ್ತಿರ ಹೋದರು. ಆಚಾರದ ಮನೆಯ ಮನುಷ್ಯ, ಹಣೆಗೆ ಅಂಗಾರ ಅಕ್ಷತೆ, ಬಾಯಿ ಮೆದು. ನಾನು ಮಾಡಿಕೊಡುತ್ತೇನೆ ಎಂದ. ಮಾಡಿದ ಕೂಡ. ಕೋರ್ಟು ಜಾಗ ನೋಡಿ ಬರಲು ಒಬ್ಬ ಸಾಹೇಬನನ್ನು ಕಳಿಸಿತು.

ತಪ್ಪಾದದ್ದು ಅಲ್ಲಿ. ಪೀರವಾಡಿಯವರು ಮಾತ್ರ ಮಾಡಬಹುದಾದ ತಪ್ಪು ಅದು. ದೊಡ್ಡ ಮನುಷ್ಯ ನಮ್ಮ ಹಿರಿಯರ ನಡುವೆ ಬರುತ್ತಿದ್ದಾನೆ, ಕಸ ಇರಬಾರದು ಎಂದು ಬಂದೇಅಲಿ ಊರಿನ ಗಂಡಸರನ್ನೆಲ್ಲ ಕರೆದುಕೊಂಡು ಹೋಗಿ ಖಬರಸ್ತಾನ ಹಸನು ಮಾಡಿಸಿದ. ಜಾಲಿ ಕಡಿದರು. ಒಣಗಿದ ಸಬ್ಜಾ ಕಿತ್ತರು. ಮಳೆಗೆ ಹರಿದು ಒಡ್ಡೊಡ್ಡಾಗಿದ್ದ ಮಣ್ಣನ್ನು ಸವರಿ, ನೀರು ಚಿಮುಕಿಸಿ, ಅಂಗಳದ ಹಾಗೆ ಮಾಡಿದರು. ಸಾಹೇಬ ಬಂದ. ಬಾಗಿಲ ಬಳಿ, ಪೇಟೆ ಸೇರುವ ಮುಂಚೆ ಈ ಊರಿನಲ್ಲೇ ಇದ್ದ ಸೇಠನ ಮುತ್ತಜ್ಜಂದಿರ ನಾಲ್ಕಾರು ಕಲ್ಲಿನ ಗೋರಿಗಳನ್ನು ನೋಡಿದ. ಆಚೆಗೆ ನೋಡಿದ. ಚೊಕ್ಕ ನೆಲ. ಇಲ್ಲಿ ಎಷ್ಟು ಗೋರಿ ಇವೆ ಎಂದು ಕೇಳಿದ. ಬಂದೇಅಲಿ ಕಿವಿ ಮುಟ್ಟಿಕೊಂಡು, ಅದನ್ನು ಕೇಳಬಾರದು ಸಾಹೇಬರೇ, ಅಲ್ಲಾಹನಿಗೆ ಗೊತ್ತು ಎಂದ. ಸಾಹೇಬ ಬರೆದುಕೊಂಡ. ಬಾಗಿಲ ಬಳಿ ಕೆಲವು ಗೋರಿ. ಉಳಿದದ್ದು ಖಾಲಿ ಜಮೀನು. ಪೂರ್ವದ ಅಂಚಿಗೆ ಲಾರಿ ಓಡಾಡುವ ದಾರಿ ಚಾಲ್ತಿಯಲ್ಲಿದೆ. ಕಲ್ಲು ತೆಗೆಯುವ ಕೆಲಸ ನಡೆದಿದೆ.

ಹುಕುಂ ಬಂದದ್ದು ಚಳಿಗಾಲದಲ್ಲಿ. ಸ್ಟೇಟಸ್ ಕೋ ಸಿಕ್ಕಿದೆ ಎಂದು ಪ್ರಾಣೇಶ ಫೋನು ಮಾಡಿ ಹೇಳಿದ. ಹಾಗೆಂದರೇನು ಎಂದು ಕೇಳಿದ್ದಕ್ಕೆ, ಇದ್ದದ್ದು ಇದ್ದ ಹಾಗೇ ಇರಬೇಕು, ಯಾರೂ ಏನೂ ಬದಲು ಮಾಡಬಾರದು ಎಂದ. ಊರವರಿಗೆ ಇನ್ನೇನು ಬೇಕಿತ್ತು? ಮಸೀದಿಯ ಮುಂದೆ ಮಲೀದಾ ಹಂಚಿದರು. ಆ ಮಾತೂ ಊರಿನ ಬಾಯಿಗೆ ಬಿತ್ತು. ಹುಡುಗಿಯ ಸಂಬಂಧ ಮುಂದಕ್ಕೂ ಹೋಗದೆ ಹಿಂದಕ್ಕೂ ಬರದೆ ನಿಂತರೆ ಸ್ಟೇಟಸ್ ಕೋ. ಅತ್ತೆ ಸೊಸೆ ಮಾತು ಬಿಟ್ಟರೆ ಆ ಮನೆಯಲ್ಲಿ ಸ್ಟೇಟಸ್ ಕೋ. ಹೋಟೆಲಿನವನು ಚಹಾ ಯಾವಾಗ ಕುದಿಯುತ್ತದೆ ಎಂದರೂ ಅದನ್ನೇ ಅನ್ನುತ್ತಿದ್ದ. ಎಲ್ಲರಿಗಿಂತ ಹೆಚ್ಚು ಅಂದು ನಕ್ಕವಳು ಸೈದಾನಬಿಯ ಮಗಳು ಶಗುಫ್ತಾ. ಅವಳು ಸೇಠನ ಕಲ್ಲಿನ ಪಾಲಿಶ್ ಮಷೀನಿನ ಮುಂದೆ ಕೂತು ಕೂತು ಎದೆಯಲ್ಲಿ ದೂಳು ತುಂಬಿಕೊಂಡಿದ್ದಳು. ಕೆಮ್ಮು ಹೇಗಿದೆ ಎಂದು ಯಾರು ಕೇಳಿದರೂ, "ಸ್ಟೇಟಸ್ ಕೋ ಅದ ನೋಡ್ರಿ," ಎಂದು ನಗುತ್ತಿದ್ದಳು. ನಗು ಕೆಮ್ಮಾಗುತ್ತಿತ್ತು. ಕೆಮ್ಮು ನಿಲ್ಲುವಷ್ಟರಲ್ಲಿ ಕೇಳಿದವರು ಹೋಗಿಬಿಟ್ಟಿರುತ್ತಿದ್ದರು.

ಲಾರಿಗಳು ನಿಲ್ಲಲಿಲ್ಲ. ಯಾಕೆಂದು ಕೇಳಿದರೆ ಸೇಠನ ಖಣಿ ನೋಡಿಕೊಳ್ಳುವ ಮುಕದ್ದಮ ಹುಕುಮಿನ ಕಾಗದ ತೋರಿಸಿದ. ಸಾಹೇಬರು ಬಂದ ದಿನ ಲಾರಿ ಓಡುತ್ತಿದ್ದವು. ಓಡುವುದೇ ಇದ್ದ ಸ್ಥಿತಿ. ಮಷೀನೂ ಅಷ್ಟೇ. ಖಣಿಯ ಅಂಚು ಮಾತ್ರ ತಾನಾಗಿ ಕುಸಿಯುತ್ತದೆ, ಅದಕ್ಕೆ ಯಾರೇನು ಮಾಡಬೇಕು?

ಆ ಬೇಸಿಗೆಯಲ್ಲಿ ಶಗುಫ್ತಾ ಸತ್ತಳು. ಬೆಳಗಿನ ಬಾಂಗು ಮುಗಿಯುವ ಹೊತ್ತಿಗೆ ಉಸಿರು ನಿಂತಿತು. ಹುಕುಂ ಬಂದ ಮೇಲೆ ಊರಿನಲ್ಲಿ ಮೊದಲ ಸಾವು ಅದು. ಸಾಯುವ ಮುಂಚೆ ಅವಳು ಕೇಳಿದ್ದು ಒಂದೇ. ಅವಳ ಮಗಳು ಮಹೆಕ್ ಇನ್ನೂ ಮಾತು ಕಲಿಯುವ ವಯಸ್ಸಿನಲ್ಲಿ ಜ್ವರಕ್ಕೆ ಹೋಗಿದ್ದಳು. ಖಬರಸ್ತಾನದ ಬೇವಿನ ಮರದ ಆಚೆ ಆ ಕೂಸನ್ನು ಇಟ್ಟಿದ್ದರು.

"ಅಮ್ಮಾ, ನನ್ನನ್ನ ಮಹೆಕ್ ಬಾಜೂಕ ಇಡಸು. ಖಣಿ ಅಕಿ ತನ ಬಂದದ. ಒಬ್ಬಾಕಿನೇ ಅದಾಳ."

ಇಡಿಸುತ್ತೇನೆ ಎಂದಿದ್ದಳು ಸೈದಾನಬಿ. ಆ ಮಾತು ತೆಗೆದುಕೊಂಡೇ ಶಗುಫ್ತಾ ಕಣ್ಣು ಮುಚ್ಚಿದ್ದಳು.

ಬಂದೇಅಲಿ ಗುದ್ದಲಿ ಹೆಗಲಿಗೇರಿಸಿ ಹೊರಟ. ಜೊತೆಗೆ ಶಗುಫ್ತಾಳ ಗಂಡ ಮತೀನ. ಬೇವಿನ ಆಚೆ ಅಳತೆ ಹಿಡಿದು ಮೊದಲ ಏಟು ಹಾಕಿದ್ದನೋ ಇಲ್ಲವೋ, ಮುಕದ್ದಮ ಫೋನು ಹಚ್ಚಿದ. ಸ್ವಲ್ಪ ಹೊತ್ತಿಗೆ ಮೋಟಾರ್ ಸೈಕಲ್ಲಿನ ಮೇಲೆ ಪೊಲೀಸು ಜಮಾದಾರ ದೇವಿಂದ್ರ ಬಂದ. ಅವನೂ ಈ ಸೀಮೆಯವನೇ. ಅವನ ಅವ್ವ ಸೈದಾನಬಿಯ ಜೊತೆ ಕಲ್ಲು ಹೊತ್ತವಳು. ಅವನು ಬೈಯಲಿಲ್ಲ. ಗುದ್ದಲಿಯನ್ನು ಬಂದೇಅಲಿಯ ಕೈಯಿಂದ ಮೆಲ್ಲಗೆ ತೆಗೆದುಕೊಂಡು ಗೋಡೆಗೆ ಆನಿಸಿಟ್ಟ. ಖಾಲಿ ಜಮೀನಿನಲ್ಲಿ ಹೊಸದಾಗಿ ಗೋರಿ ತೋಡುವುದು ಬದಲು ಮಾಡಿದ ಹಾಗೆ, ಕೋರ್ಟಿನ ಮಾತು ಮುರಿದ ಹಾಗೆ, ಒಳಗೆ ಹಾಕಬೇಕಾಗುತ್ತದೆ ಎಂದ. ಅವನು ಹೇಳುತ್ತಿರುವಾಗಲೇ ಹಿಂದಿನಿಂದ ಕಲ್ಲು ತುಂಬಿದ ಲಾರಿಯೊಂದು ಹೋಯಿತು. ನೆಲ ನಡುಗಿತು. ಅಂಚಿನಿಂದ ಒಂದಿಷ್ಟು ಮಣ್ಣು ಖಣಿಯೊಳಗೆ ಸುರಿಯಿತು. ದೇವಿಂದ್ರ ಅತ್ತ ನೋಡಲಿಲ್ಲ.

ಸುದ್ದಿ ಮನೆಗೆ ಬಂದಾಗ ಸೈದಾನಬಿ ಹಿತ್ತಲಲ್ಲಿ ಹಳೆಯ ಸೀರೆಗಳ ಪರದೆ ಕಟ್ಟಿ ಒಳಗಿದ್ದಳು. ಬೋರೆ ಎಲೆ ಹಾಕಿ ಕಾಯಿಸಿದ ನೀರು. ಹಲಗೆಯ ಮೇಲೆ ಮಗಳು. ಬೇರೆಯವರನ್ನು ಕರೆಯೋಣ ಎಂದರೆ ಈ ಕೆಲಸಕ್ಕೆ ಬೇರೆ ಯಾರೂ ಇಲ್ಲ. ಬಲಗಡೆಯಿಂದ ಶುರು ಮಾಡಿದಳು. ಬಲಗೈ. ಬಲ ಪಕ್ಕೆ. ಪಕ್ಕೆಯ ಎಲುಬುಗಳು ಬೆರಳಿಗೆ ಒಂದೊಂದಾಗಿ ಸಿಕ್ಕವು. ಹಾಲು ಕುಡಿಸಿ ಬೆಳೆಸಿದ ಮೈ. ಕೂದಲಿಗೆ ನೀರು ಹಾಕಿದಳು, ಬೂದಿ ಬಣ್ಣದ ನೀರು ಇಳಿಯಿತು. ಮತ್ತೆ ಹಾಕಿದಳು. ಮತ್ತೆ ಅದೇ ಬಣ್ಣ. ಉಗುರಿನ ಸಂದಿ, ಕಿವಿಯ ಹಿಂದೆ, ಕಣ್ಣ ರೆಪ್ಪೆಯ ಬುಡ, ಎಲ್ಲ ಕಡೆ ಸೇಠನ ಕಲ್ಲು ಕೂತಿತ್ತು. ನೀರು ತಂದುಕೊಡುತ್ತಿದ್ದ ಅನಸುಬಾಯಿ, ಶಗುಫ್ತಾಳ ಜೊತೆ ಪಾಲಿಶ್ ಕೆಲಸಕ್ಕೆ ಹೋಗುತ್ತಿದ್ದ ಲಂಬಾಣಿಗರ ಹೆಂಗಸು, ಪರದೆಯ ಹೊರಗಿನಿಂದ ಬಿಕ್ಕುತ್ತ ಸುದ್ದಿ ಹೇಳಿದಳು. ಸೈದಾನಬಿ ಕೇಳಿದಳು. ಇನ್ನೊಂದು ತಂಬಿಗೆ ನೀರು ಹಾಕಿದಳು.

ಹೊರಗೆ ಗಂಡಸರು ಸೇರಿದರು. ಪ್ರಾಣೇಶ ವಾಡಿಯಿಂದ ಬಂದಿದ್ದ. ಎಲ್ಲರೂ ಅವನ ಮೇಲೆ ಮುಗಿಬಿದ್ದಿದ್ದರು. ಅವನು ಅವರ ನಡುವಿನಿಂದ ಬಿಡಿಸಿಕೊಂಡ. ಪರದೆಯ ಹತ್ತಿರ ಬಂದು, ಮುಖ ಆಚೆ ತಿರುಗಿಸಿ ನಿಂತು, ನಾನು ಬಂದಿದ್ದೇನೆ ಅಮ್ಮಾ ಎಂದ.

"ವಕೀಲ್ ಸಾಬ್, ಆ ಮಾತು ಇನ್ನೊಮ್ಮೆ ಬಿಡಿಸಿ ಹೇಳ್ರಿ," ಅಂದಿತು ಒಳಗಿನ ದನಿ. ನೀರಿನ ಸದ್ದು ನಿಂತಿರಲಿಲ್ಲ.

"ಯಾವ ಸ್ಥಿತ್ಯಾಗ ಇತ್ತೋ ಆ ಸ್ಥಿತಿ ಅಂತಮ್ಮ. ಅದು ಇಂಗ್ಲಿಷ್ ಮಾತಲ್ಲ, ಲ್ಯಾಟಿನ್. ಭಾಳ ಹಳೀದು. ಈಗ ಆ ಭಾಷಾ ಯಾರೂ ಮಾತಾಡಂಗಿಲ್ಲ. ಇಂಗ್ಲಿಷಿನವ್ರು ಆ ಒಂದು ಮಾತು ಇಟ್ಕೊಂಡಾರ. ಕೋರ್ಟಿನ್ಯಾಗ ಅಂತಾರ, ಪೇಪರಿನ್ಯಾಗ ಬರೀತಾರ. ನನ್ನ ಮಗಳು ಪರೀಕ್ಷಾ ಮುಂದಕ್ಕ ಹೋದ್ರ ಸುದ್ದಾ ಹಂಗೇ ಅಂತಾಳ."

"ಯಾರೂ ಮಾತಾಡದ ಭಾಷಾದಾಗ ನಮ್ಗ ಹುಕುಂ ಬಂದದ."

ಪ್ರಾಣೇಶ ಹುಕುಮಿನ ಕಾಗದ ಮಡಿಚಿ ಜೇಬಿಗಿಟ್ಟ. ಒಳಗಿನ ದನಿಯೇ ಮತ್ತೆ ಕೇಳಿತು.

"ಯಾವತ್ತಿನ ಸ್ಥಿತಿರಿ ಅದು? ನಮ್ಮಪ್ಪನ್ನ ಇಟ್ಟಾಗಿಂದಾ? ಮಹೆಕ್‌ನ್ನ ಇಟ್ಟಾಗಿಂದಾ?"

"ಹುಕುಂ ಆದ ದಿನದ್ದು."

"ಅಂದ್ರ ಅವರು ತಿಂದ ಮ್ಯಾಲಿಂದು."

ಯಾರೂ ಕೇಳದಿದ್ದರೂ ಪ್ರಾಣೇಶ ಹೇಳಿದ. ಜಗಳಕ್ಕೆ ಮೊದಲಿದ್ದ ಸ್ಥಿತಿ ಎನ್ನುವುದಕ್ಕೆ ಅದೇ ಭಾಷೆಯಲ್ಲಿ ಇನ್ನೊಂದು ಮಾತಿದೆ, ಸ್ಟೇಟಸ್ ಕೋ ಆಂಟೆ. ಅದು ಸಿಗುವುದು ಕಷ್ಟ, ಇದು ಬೇಗ ಸಿಗುತ್ತದೆ. ಬೇಗ ಸಿಗುವುದನ್ನು ಕೇಳಿದೆ. ಈ ದೇಶದಲ್ಲಿ ದಿನಾ ಸಾವಿರ ಸಲ ಈ ಮಾತು ಬರೆಯುತ್ತಾರೆ. ಮನೆ ಇದ್ದವನಿಗೆ ಇದು ಮನೆ ಉಳಿಸುತ್ತದೆ. ಮನೆ ಕಸಿದುಕೊಂಡವನಿಗೂ ಮನೆ ಉಳಿಸುತ್ತದೆ.

ಒಳಗೆ ನೀರಿನ ಸದ್ದು ನಿಂತಿತು.

"ಇರೋರು ಸಾಯ್ತಾರ, ಸತ್ತೋರನ್ನ ಅಲ್ಲಿ ಇಡ್ತೀವಿ. ನಮ್ಮ ಊರಿನ ಸ್ಥಿತಿ ಅದೇ ಅಲ್ಲೇನ್ರಿ. ಇಡಬ್ಯಾಡ್ರಿ ಅಂದ್ರ ಬದಲ ಮಾಡ್ದೋರು ಯಾರು, ನಾವಾ, ಅವರಾ?"

ಅದು ಸರಿಯಾದ ಮಾತು, ಮುಂದಿನ ತಾರೀಖಿಗೆ ಇದನ್ನೇ ಹೇಳುತ್ತೇನೆ ಎಂದ ಪ್ರಾಣೇಶ. ಮುಂದಿನ ತಾರೀಖು ಯಾವಾಗ ಎಂದಳು. ಬಕ್ರೀದ್ ಆದ ಮೇಲೆ ಎಂದ.

"ನನ್ನ ಮಗಳು ಅಲ್ಲಿ ತನ ಕಾಯಂಗಿಲ್ರಿ."

ಅಷ್ಟರಲ್ಲಿ ಸೇಠನ ಬಿಳಿ ಕಾರು ಬಂತು. ಸೇಠ ಇಳಿದ. ಟೋಪಿ ಸರಿಮಾಡಿಕೊಂಡು, ಎರಡೂ ಕೈ ಎತ್ತಿ, ಸತ್ತವಳಿಗಾಗಿ ದುವಾ ಮಾಡಿದ. ಮತೀನನನ್ನು ತಬ್ಬಿಕೊಂಡ. ಇವಳು ನನ್ನ ಖಣಿಯ ಮಗಳು ಎಂದ. ಪೇಟೆಯ ಖಬರಸ್ತಾನದಲ್ಲಿ ತನ್ನ ಮನೆತನದವರ ಸಾಲಿನಲ್ಲೇ ಜಾಗ ಕೊಡುತ್ತೇನೆ, ಗಾಡಿ ತರಿಸಿದ್ದೇನೆ, ಮೇಲೆ ಬಿಳಿ ಕಲ್ಲು ಕೂಡಿಸುತ್ತೇನೆ ಎಂದ. ಕಾನೂನಿಗೂ ತೊಂದರೆಯಿಲ್ಲ, ಸತ್ತವಳಿಗೂ ಇಜ್ಜತ್ತು. ಜಮಾತಿನ ಹಿರಿಯರು ಒಬ್ಬರ ಮುಖ ಒಬ್ಬರು ನೋಡಿದರು. ನೆತ್ತಿಯ ಮೇಲೆ ಬಿಸಿಲು. ಹೆಣ ಇಟ್ಟುಕೊಂಡು ಎಷ್ಟು ಹೊತ್ತು? ಸಬರ್ ಮಾಡಬೇಕು, ತಾಳಿಕೊಳ್ಳಬೇಕು ಎಂದರು. ಮತೀನನ ಕಣ್ಣು ನೆಲಕ್ಕಿತ್ತು. ಅವನು ನಾಳೆ ಅದೇ ಖಣಿಗೆ ಇಳಿಯಬೇಕು. ಅವನು ತಲೆ ಆಡಿಸಿದ.

ಪೇಶ್ ಇಮಾಮರು ಪರದೆಯ ಬಳಿ ಬಂದು, ಬೀ, ಕಫನ್ ಆಯಿತೇ, ಮಯ್ಯತ್ ಕೊಡಿ ಎಂದರು.

ಗುಸಲಿನವಳು ಆಯಿತು ಎನ್ನುವ ತನಕ ಹೆಣಕ್ಕೆ ಯಾರೂ ಕೈ ಹಚ್ಚುವಂತಿಲ್ಲ. ಅದು ಅಲ್ಲಿಯ ರೀತಿ. ಸೈದಾನಬಿ ಮಗಳ ಕೂದಲನ್ನು ಎರಡು ಪಾಲು ಮಾಡಿ ಎದೆಯ ಮೇಲೆ ಇಳಿಬಿಟ್ಟಳು. ಮೈಗೆ ಕರ್ಪೂರದ ಪುಡಿ ಸವರಿದಳು. ಬಿಳಿ ಬಟ್ಟೆಯ ಒಂದೊಂದು ತುಂಡನ್ನೂ ಸುಕ್ಕು ತೆಗೆದು ಸುತ್ತಿದಳು. ಮೊಣಕಾಲಿನ ಮೇಲೆ ಕೂತಳು. ಯಾ ಅಲ್ಲಾ, ನಾನು ನಿನ್ನ ಕೆಲಸ ಮಾಡಿದ್ದೇನೆ, ಒಂದು ಸಲವೂ ಎದುರು ಮಾತಾಡಿಲ್ಲ, ಇವತ್ತು ಆಡುತ್ತೇನೆ, ತಪ್ಪಿದ್ದರೆ ನನ್ನ ಲೆಕ್ಕಕ್ಕೆ ಹಾಕು ಎಂದಳು. ಜೋರಾಗಿ ಅಲ್ಲ. ತನಗೆ ಮಾತ್ರ ಕೇಳುವ ಹಾಗೆ.

ಆಮೇಲೆ ಪರದೆ ಸರಿಸಿ ಹೊರಗೆ ಬಂದಳು. ತೋಯ್ದ ಸೀರೆ ಕಾಲಿಗೆ ಅಂಟಿತ್ತು. ಎಲ್ಲರೂ ಹಿಂದೆ ಸರಿದರು. ಗುಸಲಿನ ನೀರು ಯಾರಿಗೂ ತಾಗಬಾರದು.

"ಕೊಡಂಗಿಲ್ಲ," ಎಂದಳು.

ಸೇಠ ಮೆಲ್ಲಗೆ ನಕ್ಕ. "ಬೀ, ಗಾಡಿ ನಿಂತದ. ಹಟ ಮಾಡೂ ಹೊತ್ತಲ್ಲ ಇದು."

"ಗಾಡಿ ವಾಪಸ್ ಕಳಸ್ರಿ ಸೇಠಜಿ. ನಿಮ್ಮ ಕಲ್ಲು ಅಕಿ ಎದಿ ಒಳಗ ಅದ. ಎದಿ ಮ್ಯಾಲ ಬ್ಯಾಡ."

ದೂರದಲ್ಲಿ ಕಟಿಂಗ್ ಮಷೀನು ಒಂದೇ ಸಮನೆ ಕೂಗುತ್ತಿತ್ತು.

ಪೇಶ್ ಇಮಾಮರು ಬುದ್ಧಿವಂತರು. ನಮಾಜಂತೂ ಆಗಲಿ, ಜಾಗದ ಮಾತು ಆಮೇಲೆ ಎಂದರು. ಅದಕ್ಕೆ ಸೈದಾನಬಿ ಒಪ್ಪಿದಳು. ಹೆಂಗಸರು ಹೆಣವನ್ನು ಜನಾಜಾದ ಮಂಚದ ಮೇಲಿಟ್ಟು ಹೊರಗೆ ತಂದರು. ಗಂಡಸರು ಸಾಲು ನಿಂತು ಜನಾಜಾ ನಮಾಜು ಓದಿದರು. ಸೇಠ ಮೊದಲ ಸಾಲಿನಲ್ಲೇ ನಿಂತಿದ್ದ. ಸಲಾಮು ಹೇಳಿ ಮುಗಿಸಿದರು. ಈಗ ನಾಲ್ಕು ಜನ ಬಂದು ಹೆಗಲು ಕೊಡಬೇಕು. ಯಾರೂ ಬರಲಿಲ್ಲ. ಎತ್ತಿದರೆ ಎಲ್ಲಿಗೆ ಒಯ್ಯಬೇಕು? ಮತೀನ ಕಾರಿನ ಕಡೆ ನೋಡಿದ, ಅತ್ತೆಯ ಕಡೆ ನೋಡಿದ, ಕಾಲ ಬಳಿಯ ಮಣ್ಣು ನೋಡಿದ.

ಸೈದಾನಬಿ ಬಗ್ಗಿ ಮಂಚದ ಮುಂದಿನ ಬಲಗಡೆಯ ಕಾಲು ಹಿಡಿದಳು. ಎಷ್ಟೋ ವರ್ಷ ಹಲ್ಲು ಕಚ್ಚಿ ಫರಸಿ ಎತ್ತಿದ ಸೊಂಟ. ಒಂದು ಕಾಲು ಎದ್ದಿತು. ಹೆಂಗಸರ ಗುಂಪಿನಿಂದ ಅನಸುಬಾಯಿ ಬಂದು ಎಡಗಡೆ ಹಿಡಿದಳು. ಹಿಂದಿನ ಎರಡಕ್ಕೆ ಯಾರು ಬಂದರು, ಯಾರು ಮೊದಲು ಬಂದರು ಎಂಬುದು ಆಮೇಲೆ ಯಾರಿಗೂ ನೆನಪಾಗಲಿಲ್ಲ. ಹೆಂಗಸರ ತಲೆಯ ಮೇಲೆ ಕಲ್ಲು ಕೂತು ಅಭ್ಯಾಸವಿದ್ದ ಊರದು. ಜನಾಜಾ ಹಗುರವಾಗಿತ್ತು. ಹೆಂಗಸರು ಹೆಗಲು ಕೊಡಬಾರದು ಎಂದು ಹಿರಿಯರೊಬ್ಬರು ಕೂಗಿದರು.

"ಹಂಗಾರ ಬಂದು ಹಿಡೀರಿ ಚಾಚಾ," ಎಂದಳು ಹಿಂದಿನ ಒಬ್ಬಳು. "ಸೇಠನ ಖಣ್ಯಾಗ ನಾವು ಹೊರುವಾಗ ಒಮ್ಮೆರೆ ಬಾರದು ಅಂದೀರೇನು?"

ಹಿರಿಯರು ಬರಲಿಲ್ಲ. ಜನಾಜಾ ಹೊರಟಿತು.

ಖಬರಸ್ತಾನದ ಬಾಗಿಲಿಗೆ ಅಡ್ಡವಾಗಿ ಜೆಸಿಬಿ ನಿಂತಿತ್ತು. ಇಂಜಿನ್ನು ಗುರುಗುಟ್ಟುತ್ತಿತ್ತು. ಅದರ ಮುಂದೆ ದೇವಿಂದ್ರ. ಅವನ ಅಂಗಿ ಬೆವರಿಗೆ ಮೈಗಂಟಿತ್ತು. ಸೇಠನ ಕಾರು ಹಿಂದಿನಿಂದ ನಿಧಾನವಾಗಿ ಬಂದು ನಿಂತಿತು. ಕಿಟಕಿ ಇಳಿಯಿತು.

"ಆಯೀ, ಬ್ಯಾಡ," ಎಂದ ದೇವಿಂದ್ರ. "ನನ್ನ ನೌಕರಿ ಹೋಗ್ತದ. ನಿಮ್ಮನ್ನೂ ಒಯ್ಯಬೇಕಾಗ್ತದ. ನೀ ಒಳಗ ಇಟ್ರೂ ನಾಳಿಗಿ ತೆಗಸ್ತಾರ. ಇದ್ದಂಗ ಮಾಡ್ರಿ ಅಂತ ಹುಕುಂ ತರ್ತಾರ, ಇದೇ ಮಷೀನ್ ಬಂದು ತೆಗೀತದ. ಅದನ್ನ ನೋಡ್ತೀಯೇನು?"

ಆ ಮಾತಿಗೆ ಹೆಂಗಸರು ಅಲ್ಲಾಡಿದರು. ಹೊತ್ತವರ ಕೈ ತುಸು ಇಳಿಯಿತು. ಜೆಸಿಬಿಯ ಹಲ್ಲುಗಳಲ್ಲಿ ಬೆಳಗಿನ ಮಣ್ಣು ಇನ್ನೂ ಹಸಿಯಾಗಿತ್ತು. ಎಲ್ಲರೂ ಅದನ್ನು ನೋಡಿದರು. ದೇವಿಂದ್ರ ಕಾಗದ ಬಿಚ್ಚಿ, ಇದರಲ್ಲಿ ಖಾಲಿ ಜಮೀನು ಎಂದಿದೆ, ನಾನೇನು ಮಾಡಲಿ ಎಂದ. ಬಾಗಿಲ ಬಳಿಯ ಕಲ್ಲಿನ ಗೋರಿ ಬಿಟ್ಟರೆ ಆಚೆಗೆ ಏನಿದೆ? ನೀವೇ ನೋಡಿ.

"ಎಲ್ಲಿ ಅವ ಗೋರಿ? ತೋರಸ್ರಿ ನೋಡೂಣು."

ಅವನು ಸಿಟ್ಟಿನಿಂದ ಕೇಳಿದ್ದಲ್ಲ. ಪಾಪ, ಬೇಡಿಕೊಂಡ ಹಾಗಿತ್ತು ದನಿ.

ಸೈದಾನಬಿ ಉಳಿದವರ ಜೊತೆ ಜನಾಜಾವನ್ನು ಗೋಡೆಯ ಮೇಲೆ ಮೆಲ್ಲಗೆ ಇಳಿಸಿದಳು. ಮೊಣಕಾಲೆತ್ತರದ ಗೋಡೆ. ಸೀರೆ ಎತ್ತಿ ದಾಟಿದಳು.

ಇಲ್ಲಿ ಒಂದು ಮಾತು ಹೇಳಬೇಕು. ಪೀರವಾಡಿಯ ಹೆಂಗಸರು ಎಂದೂ ಆ ಗೋಡೆ ದಾಟಿದವರಲ್ಲ. ಮಣ್ಣು ಮಾಡಲು ಗಂಡಸರು ಹೋಗುತ್ತಾರೆ, ಹೆಂಗಸರು ಹೊರಗೇ ನಿಲ್ಲುತ್ತಾರೆ. ಗುರುವಾರ ಸಂಜೆ ಕೆಲಸ ಬಿಟ್ಟು ಬರುವಾಗ, ತಲೆಯ ಮೇಲಿನ ಸಿಂಬಿ ತೆಗೆದು, ಗೋಡೆಯ ಹೊರಗೆ ಸಾಲಾಗಿ ನಿಂತು ಫಾತಿಹಾ ಓದುತ್ತಾರೆ. ಒಬ್ಬೊಬ್ಬಳ ಕಣ್ಣು ಒಂದೊಂದು ಕಡೆ. ಒಳಗೆ ಹೋದ ಗಂಡಸರು ಮರೆಯುತ್ತಾರೆ. ಹೊರಗೆ ನಿಂತು ನೋಡಿದವಳು ಮರೆಯುವುದಿಲ್ಲ. ದಿಬ್ಬ ಕರಗಲಿ, ಸಬ್ಜಾ ಒಣಗಲಿ, ಯಾರಾದರೂ ಬಂದು ನೆಲ ಸವರಿ ಅಂಗಳ ಮಾಡಲಿ, ವರ್ಷಗಟ್ಟಲೆ ಒಂದೇ ಜಾಗಕ್ಕೆ ನಾಟಿದ ಕಣ್ಣು ಜಾಗ ತಪ್ಪುವುದಿಲ್ಲ.

ಸೈದಾನಬಿ ಚಪ್ಪಲಿ ಬಿಟ್ಟಳು. ಕಾಯ್ದ ನೆಲದ ಮೇಲೆ ನಡೆದ ನಡೆಗೆ ತಡವರಿಕೆ ಇರಲಿಲ್ಲ. ಬೇವು ದಾಟಿದಳು. ಖಣಿಯ ಅಂಚಿಗೆ ತೋಳಿನಷ್ಟು ಈಚೆ ನಿಂತಳು. ಕೆಳಗೆ ಆಳದಲ್ಲಿ ಹಸಿರು ನೀರು ನಿಂತಿತ್ತು. ಅಲ್ಲಿ ಕೂತಳು. ಅಂಗೈಯನ್ನು ಮಣ್ಣಿನ ಮೇಲೆ ಇಟ್ಟಳು.

"ಇಲ್ಲಿ ಮಹೆಕ್ ಅದಾಳ."

ಗೋಡೆಯ ಹೊರಗೆ ಯಾರೋ ಬಿಸ್ಮಿಲ್ಲಾ ಎಂದಳು. ಎರಡನೆಯವಳು ದಾಟಿದಳು. ಅವಳು ಪಶ್ಚಿಮಕ್ಕೆ ಹೋಗಿ ಗಂಡನ ಜಾಗದಲ್ಲಿ ಕೂತಳು. ಮೂರನೆಯವಳು ಅತ್ತೆಯ ಬಳಿ. ಆಮೇಲೆ ಒಟ್ಟಿಗೇ ಬಂದರು. ಯಾರೂ ಯಾರನ್ನೂ ಕೇಳಲಿಲ್ಲ. ಒಬ್ಬಳ ಹಾದಿಗೆ ಒಬ್ಬಳು ಅಡ್ಡ ಬರಲಿಲ್ಲ. ಇಬ್ಬರು ಒಂದೇ ಜಾಗಕ್ಕೆ ಹೋಗಲಿಲ್ಲ. ಹಾಗೆ ಹೋದವರು ಅಕ್ಕತಂಗಿಯರಾಗಿದ್ದರು, ಒಂದೇ ಅವ್ವನ ಮೇಲೆ ಕೈ ಇಟ್ಟು ಕೂತರು. ಅಪ್ಪ ಎಂದಳು ಒಬ್ಬಳು. ನನ್ನ ಮೊದಲನೆಯ ಮಗ ಎಂದಳು ಇನ್ನೊಬ್ಬಳು, ಇಷ್ಟು ವರ್ಷದಲ್ಲಿ ಮೊದಲ ಸಲ ಅವನ ಹೆಸರು ಹಿಡಿದು. ಖಾಲಿ ಎಂದು ಬರೆದಿದ್ದ ನೆಲ ನೋಡನೋಡುತ್ತ ತುಂಬಿತು. ಅದೇ ಅಂಚಿನ ಇನ್ನೊಂದು ತುದಿಗೆ, ಲಾರಿ ಓಡಾಡಿ ಬಿಳಿಯಾಗಿದ್ದ ದಾರಿಯ ಮೇಲೂ ಹೆಂಗಸರು ಹೋಗಿ ಕೂತರು. ಅನಸುಬಾಯಿ ಅಲ್ಲೇ ಕೂತಳು. ಹೊಟ್ಟೆಯಲ್ಲೇ ಸತ್ತ ಅವಳ ಕೂಸಿಗೆ ತಾಂಡಾದಲ್ಲಿ ಜಾಗ ಸಿಗದಿದ್ದಾಗ ಬಂದೇಅಲಿ ಆ ಅಂಚಿನಲ್ಲಿ ಇಟ್ಟಿದ್ದ. ಅದರ ಮೇಲೆ ಇಷ್ಟು ದಿನ ಲಾರಿ ಹೋಗುತ್ತಿದ್ದವು. ಅವಳು ಅದನ್ನು ಯಾರಿಗೂ ಹೇಳಿರಲಿಲ್ಲ.

ದೇವಿಂದ್ರನ ಕೈಯಲ್ಲಿ ಕಾಗದ ಹಾಗೇ ಇತ್ತು. ಪ್ರಾಣೇಶ ಗೋಡೆಯ ಹೊರಗೆ ನಿಂತು ನೋಡುತ್ತಿದ್ದ. ಕಾರಿನ ಕಿಟಕಿ ಏರಿತು.

ಕಲ್ಲು ತುಂಬಿದ ಲಾರಿಯೊಂದು ಖಣಿಯಿಂದ ಮೇಲೆ ಬಂತು. ದಾರಿಯ ನಡುವೆ ಕೂತವರನ್ನು ಕಂಡು ಹಾರ್ನು ಹೊಡೆಯಿತು. ಅನಸುಬಾಯಿ ತಿರುಗಿ ನೋಡಲಿಲ್ಲ. ಲಾರಿ ತುಸು ಮುಂದೆ ಬಂತು. ಅವಳ ಬೆನ್ನಿಗೆ ಅದರ ಬಿಸಿ ತಾಗುವಷ್ಟು. ಅವಳು ಅಂಗೈ ಊರಿಕೊಂಡೇ ಇದ್ದಳು. ಸೆರಗು ಗಾಳಿಗೆ ಬಂಪರಿಗೆ ಬಡಿಯುತ್ತಿತ್ತು. ಡ್ರೈವರು ಮುಕದ್ದಮನ ಕಡೆ ನೋಡಿದ, ಮುಕದ್ದಮ ಕಾರಿನ ಕಡೆ ನೋಡಿದ. ಕಾರಿನಿಂದ ಏನೂ ಬರಲಿಲ್ಲ. ಡ್ರೈವರು ಇಂಜಿನ್ನು ಬಂದ್ ಮಾಡಿ, ಇಳಿದು, ಲಾರಿಯ ನೆರಳಿನಲ್ಲಿ ಬೀಡಿ ಹಚ್ಚಿದ.

ಮತೀನ ಗೋಡೆಗೆ ಆನಿಸಿಟ್ಟಿದ್ದ ಗುದ್ದಲಿ ತೆಗೆದುಕೊಂಡ. ಅಂಗಿ ಬಿಚ್ಚಿ ಬೇವಿನ ಕೊಂಬೆಗೆ ಹಾಕಿದ. ಅತ್ತೆಯ ಮುಖ ನೋಡಲಿಲ್ಲ. ಅವಳ ಕೈ ಇದ್ದ ಜಾಗದ ಪಕ್ಕದಲ್ಲಿ, ಬಂದೇಅಲಿ ಗೆರೆ ಕೊರೆದ ಕಡೆ, ಅಗೆಯಲು ಶುರು ಮಾಡಿದ. ಮೇಲಿನ ಮಣ್ಣು ಗಟ್ಟಿಯಿತ್ತು. ಒಂದೊಂದು ಏಟಿಗೂ ಅಂಚಿನಿಂದ ಕಲ್ಲಿನ ಚೂರು ಜಾರಿ ನೀರಿಗೆ ಬೀಳುವ ಸದ್ದು ಕೇಳುತ್ತಿತ್ತು. ದೇವಿಂದ್ರ ಮೋಟಾರ್ ಸೈಕಲ್ಲಿನ ಬಳಿ ಹೋಗಿ, ಬೆನ್ನು ಮಾಡಿ ನಿಂತು, ಫೋನಿನಲ್ಲಿ ಹೌದು ಸಾಹೇಬ್ರ, ಹೆಂಗಸರು ಸಾಹೇಬ್ರ, ಭಾಳ ಮಂದಿ ಅದಾರ ಸಾಹೇಬ್ರ ಎನ್ನುತ್ತಿದ್ದ. ಎಷ್ಟು ಮಂದಿ ಎಂದು ಅತ್ತಲಿಂದ ಕೇಳಿರಬೇಕು. ಅವನು ಒಮ್ಮೆ ತಿರುಗಿ ನೋಡಿದ. ಎಣಿಸಲು ಬಾಯಿ ತೆರೆದವನು ಮತ್ತೆ ಮುಚ್ಚಿದ.

ಗೋರಿ ಎದೆಯಾಳ ಆದಾಗ ಶಗುಫ್ತಾಳನ್ನು ಗೋಡೆಯ ಮೇಲಿನಿಂದ ಒಳಗೆ ತಂದರು. ಮತೀನ ಗುಂಡಿಯೊಳಗಿನಿಂದ ಎರಡೂ ಕೈ ಚಾಚಿದ. ಸೈದಾನಬಿ ಮಗಳ ತಲೆಯ ಕಡೆ ಹಿಡಿದು ಇಳಿಸಿದಳು. ಮುಖ ಪಶ್ಚಿಮಕ್ಕೆ, ಕಿಬ್ಲಾದ ಕಡೆ ಮಾಡಿಸಿದಳು. ಮೊದಲ ಹಿಡಿ ಮಣ್ಣು ಹಾಕಿದಳು.

ಆಗ ಭಂಕೂರಿನ ಕಡೆಯಿಂದ ಬಿಳಿ ದೂಳು ಎದ್ದಿತು. ಒಂದು ಗಾಡಿಯದ್ದಲ್ಲ, ಪೊಲೀಸರ ಹಲವು ಗಾಡಿಗಳದ್ದು. ದೂಳು ದಾರಿಯುದ್ದಕ್ಕೂ ಏರಿ, ಬಿಸಿಲಿನಲ್ಲಿ ನಿಂತು, ಊರಿನ ಕಡೆಗೆ ಬರುತ್ತಿತ್ತು. ಹೆಂಗಸರು ಅದನ್ನು ನೋಡಿದರು. ತಲೆಯ ಮೇಲಿನ ಸೆರಗನ್ನು ಬಿಗಿ ಮಾಡಿಕೊಂಡರು.

ಯಾರೂ ಏಳಲಿಲ್ಲ.